53 ಮಂದಿಯ ಕೆಲಸ: ನ್ಯೂ ಆರ್ಲಿಯನ್ಸ್ ಪ್ರಾಸಿಕ್ಯೂಟರ್ ಕಚೇರಿಯ ಮೇಲೆ ಬಿದ್ದ ದಾವೆ

(ಕಾನೂನು ವಿದ್ಯಾರ್ಥಿಗಳು ಮತ್ತು ಯುವ ವಕೀಲರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಮುಖ್ಯವಾಗಿ ಒಂದೇ ಮೊಕದ್ದಮೆಯ ಬಗ್ಗೆ ಮಾತಾಡುತ್ತೇನೆ. ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಊರಿನದು. ಅಪರಾಧಿಗಳಿಗೆ ಶಿಕ್ಷೆ ಕೊಡಿಸಬೇಕಾದ ಪ್ರಾಸಿಕ್ಯೂಟರ್ ಕಚೇರಿಯೇ ಅಲ್ಲಿ ಪ್ರತಿವಾದಿಯಾಗಿ ನಿಂತಿತು. ಆರೋಪ ಏನು? ಚರ್ಮದ ಬಣ್ಣ ನೋಡಿ ಕೆಲಸದಿಂದ ತೆಗೆದರು, ಬಣ್ಣ ನೋಡಿಯೇ ಹೊಸಬರನ್ನು ತಗೊಂಡರು ಅಂತ. ತೆಗೆದವರು ಕಪ್ಪು ಜನಾಂಗದ ಅಧಿಕಾರಿ. ಕೆಲಸ ಕಳೆದುಕೊಂಡವರು ಬಿಳಿಯರು. ಭೇದಭಾವ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಚಿತ್ರ ಇದಲ್ಲ. ಅದಕ್ಕೇ ಇದನ್ನು ಆರಿಸಿಕೊಂಡೆ.

ಮೊದಲು ಆ ಹುದ್ದೆ ಏನು ಅಂತ ನೋಡೋಣ. ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರನ್ನು ಸರ್ಕಾರ ನೇಮಿಸುತ್ತದೆ. ಎಪಿಪಿ, ಅಂದರೆ ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್, ಆಗಬೇಕಾದರೆ ಪರೀಕ್ಷೆ ಬರೆಯಬೇಕು. ಅಮೆರಿಕದ ಹೆಚ್ಚಿನ ಕಡೆ ಹಾಗಲ್ಲ. ಅಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯನ್ನು, ಅಂದರೆ ಡಿಎಯನ್ನು, ಜನ ವೋಟು ಹಾಕಿ ಗೆಲ್ಲಿಸುತ್ತಾರೆ. ಲೂಸಿಯಾನಾದಲ್ಲಿ ಅವಧಿ 6 ವರ್ಷ. ಯಾರ ಮೇಲೆ ಕೇಸು ಹಾಕಬೇಕು, ಯಾವ ಕೇಸು ಕೈಬಿಡಬೇಕು, ಯಾರಿಗೆ ಮರಣದಂಡನೆ ಕೇಳಬೇಕು, ಎಲ್ಲ ಅವರ ಕೈಯಲ್ಲಿ. ಅವರ ಕೆಳಗೆ ಸಹಾಯಕ ವಕೀಲರು ಇರುತ್ತಾರೆ. ವಕೀಲರಲ್ಲದ ದೊಡ್ಡ ಸಿಬ್ಬಂದಿಯೂ ಇರುತ್ತದೆ. ಸಾಕ್ಷಿಗಳನ್ನು ಹುಡುಕಿಕೊಂಡು ಹೋಗುವ ತನಿಖಾ ಸಿಬ್ಬಂದಿ, ಫೈಲು ನೋಡಿಕೊಳ್ಳುವ ಗುಮಾಸ್ತರು, ಮಕ್ಕಳ ಜೀವನಾಂಶ ವಸೂಲಿ ಮಾಡುವವರು. ನಮ್ಮ ಕಥೆ ಇರುವುದು ಈ ಜನರ ಸುತ್ತ.

ನ್ಯೂ ಆರ್ಲಿಯನ್ಸ್‌ನ ಈ ಕಚೇರಿಗೆ ಹೆಸರೂ ಇದೆ, ಕೆಟ್ಟ ಹೆಸರೂ ಇದೆ. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಕೇಸು ಹಿಡಿದುಕೊಂಡು ಸುದ್ದಿಯಾದ ಜಿಮ್ ಗ್ಯಾರಿಸನ್ ಇಲ್ಲೇ ಡಿಎ ಆಗಿದ್ದವರು. ಅವರನ್ನು ಸೋಲಿಸಿ ಬಂದವರು ಹ್ಯಾರಿ ಕಾನಿಕ್ ಸೀನಿಯರ್. ಗಾಯಕ ಹ್ಯಾರಿ ಕಾನಿಕ್ ಜೂನಿಯರ್ ಇವರ ಮಗ. ಅಪ್ಪ 1970ರ ದಶಕದಿಂದ 2003ರ ಶುರುವಿನ ತನಕ ಆ ಕುರ್ಚಿ ಬಿಡಲಿಲ್ಲ. ಊರಿನ ಜನರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಡಿಎ ಮಾತ್ರ ಯಾವಾಗಲೂ ಬಿಳಿಯರು.

ಆ ಕಾಲದ ಒಂದು ಕೇಸು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಜಾನ್ ಥಾಂಪ್ಸನ್ ಎಂಬ ಕಪ್ಪು ಜನಾಂಗದ ಮನುಷ್ಯನಿಗೆ 1985ರಲ್ಲಿ ದರೋಡೆ ಮತ್ತು ಕೊಲೆ ಕೇಸುಗಳಲ್ಲಿ ಶಿಕ್ಷೆ ಆಯಿತು. ಕೊಲೆಗೆ ಮರಣದಂಡನೆ. ದರೋಡೆ ಕೇಸಿನಲ್ಲಿ ರಕ್ತದ ಗುಂಪಿನ ಲ್ಯಾಬ್ ವರದಿಯೊಂದು ಇತ್ತು. ಅದು ಆತನ ಗುಂಪಿಗೆ ಹೊಂದುತ್ತಿರಲಿಲ್ಲ. ಆ ವರದಿಯನ್ನು ಪ್ರಾಸಿಕ್ಯೂಟರ್‌ಗಳು ಆತನ ವಕೀಲರಿಗೆ ಕೊಡಲೇ ಇಲ್ಲ. 1999ರಲ್ಲಿ, ಮರಣದಂಡನೆಗೆ ಇನ್ನು ಕೆಲವೇ ವಾರ ಇದ್ದಾಗ, ಆತನ ಪರ ಕೆಲಸ ಮಾಡುತ್ತಿದ್ದ ತನಿಖೆಗಾರರ ಕೈಗೆ ಅದು ಸಿಕ್ಕಿತು. 2003ರಲ್ಲಿ ಮರುವಿಚಾರಣೆ ನಡೆಯಿತು. ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ, 35 ನಿಮಿಷದಲ್ಲಿ ನಿರ್ದೋಷಿ ಅಂದಿತು. ಅಷ್ಟರಲ್ಲಿ 18 ವರ್ಷ ಜೈಲು ಆಗಿಹೋಗಿತ್ತು, ಅದರಲ್ಲಿ 14 ವರ್ಷ ಮರಣದಂಡನೆಯ ಕೋಣೆಯಲ್ಲಿ. ಆ ಊರಿನ ಕಪ್ಪು ಜನ ಈ ಕಚೇರಿಯನ್ನು ಯಾಕೆ ನಂಬುತ್ತಿರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಹೀಗಿರುವಾಗ 2002ರ ಕೊನೆಯಲ್ಲಿ ಎಡ್ಡಿ ಜೋರ್ಡನ್ ಚುನಾವಣೆ ಗೆದ್ದರು. ಊರಿನ ಮೊದಲ ಕಪ್ಪು ಡಿಎ. ಸುಮ್ನೆ ಗೆದ್ದು ಬಂದವರಲ್ಲ. ಮುಂಚೆ ಅದೇ ಭಾಗದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಪ್ರಾಸಿಕ್ಯೂಟರ್ ಆಗಿದ್ದರು. ನಾಲ್ಕು ಸಲ ರಾಜ್ಯಪಾಲರಾಗಿದ್ದ ಎಡ್ವಿನ್ ಎಡ್ವರ್ಡ್ಸ್ ಎಂಬ ಭಾರಿ ಕುಳವನ್ನು ಕ್ಯಾಸಿನೊ ಲೈಸೆನ್ಸ್ ಹಗರಣದಲ್ಲಿ 2000ದಲ್ಲಿ ತಪ್ಪಿತಸ್ಥ ಅಂತ ಸಾಬೀತು ಮಾಡಿದ್ದು ಇವರ ಕಚೇರಿಯೇ. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಜನ ಜೋರ್ಡನ್ ಮೇಲೆ ತುಂಬಾ ಆಸೆ ಇಟ್ಟಿದ್ದರು.

2003ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು. ಕಚೇರಿಯಲ್ಲಿ ವಕೀಲರಲ್ಲದ ಬಿಳಿಯ ಸಿಬ್ಬಂದಿ 77 ಮಂದಿ ಇದ್ದರು. ಸ್ವಲ್ಪ ಕಾಲದಲ್ಲೇ ಅವರಲ್ಲಿ 53 ಮಂದಿಯನ್ನು ತೆಗೆದುಹಾಕಿದರು. ಆ ಜಾಗಕ್ಕೆ ಬಂದವರಲ್ಲಿ ಬಹುಪಾಲು ಕಪ್ಪು ಜನ.

ಕೆಲಸ ಕಳೆದುಕೊಂಡವರಲ್ಲಿ 40ಕ್ಕೂ ಹೆಚ್ಚು ಮಂದಿ ಫೆಡರಲ್ ಕೋರ್ಟಿಗೆ ಹೋದರು. ಅವರ ಕೈಯಲ್ಲಿದ್ದ ಕಾನೂನು 1964ರ ನಾಗರಿಕ ಹಕ್ಕುಗಳ ಕಾಯ್ದೆಯ 7ನೇ ಅಧ್ಯಾಯ. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ, ಇವುಗಳ ಕಾರಣಕ್ಕೆ ಕೆಲಸ ಕೊಡದೆ ಇರುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ ಅಂತ ಅದು ಹೇಳುತ್ತದೆ. ಮೊದಲು ಇದು ಖಾಸಗಿ ಕಂಪನಿಗಳಿಗೆ ಮಾತ್ರ ಇತ್ತು. 1972ರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ವಿಸ್ತರಿಸಿದರು. ಹಾಗಾಗಿಯೇ ಡಿಎ ಕಚೇರಿ ಇದರ ಕೈಗೆ ಸಿಕ್ಕಿತು.

ಈಗ ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು, ಈ ಕಾನೂನು ಬಂದಿದ್ದೇ ಕಪ್ಪು ಜನರ ಹೋರಾಟದಿಂದ, ಬಿಳಿಯರು ಇದನ್ನು ಹಿಡಿದುಕೊಂಡು ಬರಬಹುದಾ ಅಂತ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1976ರಲ್ಲೇ ಉತ್ತರ ಕೊಟ್ಟಿದೆ. ಮೆಕ್‌ಡೊನಾಲ್ಡ್ ವಿರುದ್ಧ ಸಾಂಟಾ ಫೆ ಟ್ರೇಲ್ ಸಾರಿಗೆ ಕಂಪನಿ ಅನ್ನುವ ಕೇಸು. ಸಾಗಣೆಯ ಸರಕಿನಿಂದ ಆಂಟಿಫ್ರೀಜ್ (ಚಳಿಯಲ್ಲಿ ಗಾಡಿಯ ಎಂಜಿನ್ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ತುಂಬಿದ 60 ಡಬ್ಬ ಕದ್ದರು ಅಂತ ಮೂವರು ನೌಕರರ ಮೇಲೆ ಆರೋಪ ಬಂತು. ಇಬ್ಬರು ಬಿಳಿಯರು, ಒಬ್ಬ ಕಪ್ಪು ನೌಕರ. ಕಂಪನಿ ಬಿಳಿಯರಿಬ್ಬರನ್ನು ತೆಗೆಯಿತು, ಇನ್ನೊಬ್ಬನನ್ನು ಉಳಿಸಿಕೊಂಡಿತು. ಕಳ್ಳತನ ಮಾಡಿದವರನ್ನು ತೆಗೆಯಿರಿ, ಆದರೆ ಎಲ್ಲ ಜನಾಂಗದವರಿಗೂ ಅದೇ ಅಳತೆ ಇರಲಿ ಅಂತ ಕೋರ್ಟ್ ಹೇಳಿತು. ಆ ತೀರ್ಪು ಬರೆದವರು ಯಾರು ಗೊತ್ತಾ? ಥರ್ಗುಡ್ ಮಾರ್ಷಲ್. ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ಶಾಲೆಗಳಲ್ಲಿ ಬಣ್ಣದ ಗೋಡೆ ಒಡೆದ 1954ರ ಬ್ರೌನ್ ಕೇಸನ್ನು ವಕೀಲರಾಗಿ ಗೆದ್ದವರು. ಈ ಕಾನೂನಿನ ಹಿಂದಿನ ನೋವು ಅವರಿಗಿಂತ ಜಾಸ್ತಿ ಯಾರಿಗೆ ಗೊತ್ತಿತ್ತು? ಆದರೂ ಅವರು ಹಾಗೆ ಬರೆದರು. ಆ ತೀರ್ಪನ್ನು ಎಷ್ಟು ಸಲ ಓದಿದರೂ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಮೊನ್ನೆ ಮೊನ್ನೆ, 2025ರ ಜೂನ್‌ನಲ್ಲಿ, ಇದೇ ಮಾತು ಮತ್ತೆ ಬಂತು. ಬಹುಸಂಖ್ಯಾತ ಗುಂಪಿನವರು ಭೇದಭಾವದ ದಾವೆ ಹಾಕಿದರೆ ಹೆಚ್ಚಿನ ಪುರಾವೆ ತರಬೇಕು ಅಂತ ಕೆಲವು ಮೇಲ್ಮನವಿ ಕೋರ್ಟುಗಳು ಹೇಳುತ್ತಿದ್ದವು. ಓಹಾಯೊ ರಾಜ್ಯದ ಏಮ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ತೀರ್ಪು ಬರೆದವರು ಕೆಟಾಂಜಿ ಬ್ರೌನ್ ಜಾಕ್ಸನ್, ಆ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಮೂರ್ತಿ.

ಸರಿ, ನ್ಯೂ ಆರ್ಲಿಯನ್ಸ್‌ಗೆ ಬರೋಣ. ಜೋರ್ಡನ್ ಅವರ ವಾದ ಏನಿತ್ತು? ಕಚೇರಿ ಊರಿನ ಹಾಗೆ ಕಾಣಬೇಕು ಅನ್ನೋದು ನನ್ನ ಆಸೆ, ಅದನ್ನು ಒಪ್ಪುತ್ತೇನೆ, ಆದರೆ ಬಿಳಿಯರು ಅನ್ನೋ ಕಾರಣಕ್ಕೆ ಯಾರನ್ನೂ ತೆಗೆದಿಲ್ಲ ಅಂದರು. ತನ್ನ ಪರ ನಿಂತವರಿಗೆ, ಚುನಾವಣೆಯಲ್ಲಿ ದುಡಿದವರಿಗೆ ಜಾಗ ಮಾಡಿಕೊಟ್ಟೆ ಅನ್ನೋ ವಾದವೂ ಬಂತು.

ಈ ಎರಡನೇ ವಾದವನ್ನು ಹಗುರವಾಗಿ ನೋಡಬೇಡಿ. ಚುನಾವಣೆ ಗೆದ್ದವರು ತಮ್ಮವರನ್ನು ತರುವುದು ಅಲ್ಲಿ ಹಳೇ ಪದ್ಧತಿ. ಅದಕ್ಕೂ ಮಿತಿ ಇದೆ, ನಿಜ. ಪಕ್ಷ ಬೇರೆ ಅನ್ನೋ ಕಾರಣಕ್ಕೆ ಸಾಮಾನ್ಯ ನೌಕರರನ್ನು ತೆಗೆಯಬಾರದು ಅಂತ 1976ರ ಎಲ್‌ರಾಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಅದು ಬೇರೆ ದಾವೆ, ಸಂವಿಧಾನದ ಮೇಲೆ ನಿಂತದ್ದು. 7ನೇ ಅಧ್ಯಾಯದ ಕೆಳಗೆ ಜ್ಯೂರಿ ಕೇಳುವ ಪ್ರಶ್ನೆ ಒಂದೇ: ನೀವು ಹೇಳುವ ಕಾರಣ ನಿಜವಾದ ಕಾರಣವಾ, ಇಲ್ಲಾ ನೆಪವಾ?

ಈ ಪ್ರಶ್ನೆಗೆ ಬರುವ ದಾರಿಯನ್ನು 1973ರ ಮೆಕ್‌ಡೊನೆಲ್ ಡಗ್ಲಸ್ ಕೇಸು ಹಾಕಿಕೊಟ್ಟಿದೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಿ. ಮೊದಲು ನೌಕರ ಮೇಲ್ನೋಟಕ್ಕೆ ಅನುಮಾನ ಬರುವಷ್ಟು ತೋರಿಸಬೇಕು. ನನಗೆ ಅರ್ಹತೆ ಇತ್ತು, ನನ್ನನ್ನು ತೆಗೆದರು, ನನ್ನ ಜಾಗಕ್ಕೆ ಬೇರೆ ಜನಾಂಗದವರು ಬಂದರು ಅಂತ. ಆಮೇಲೆ ಮಾಲೀಕರ ಸರದಿ. ಅವರು ಕಾನೂನು ಒಪ್ಪುವಂಥ ಒಂದು ಕಾರಣ ಹೇಳಬೇಕು. ಅಷ್ಟಾದ ಮೇಲೆ ಆ ಕಾರಣ ಸುಳ್ಳು, ಅದರ ಹಿಂದೆ ಇರುವುದು ಭೇದಭಾವ ಅಂತ ನೌಕರ ತೋರಿಸಬೇಕು. ಯಾರೂ ಫೈಲಿನಲ್ಲಿ "ಬಣ್ಣ ನೋಡಿ ತೆಗೆದೆವು" ಅಂತ ಬರೆಯುವುದಿಲ್ಲ. ಹಾಗಾಗಿ ಸುತ್ತಲಿನ ಸಂಗತಿಗಳಿಂದಲೇ ಸತ್ಯ ತೆಗೆಯಬೇಕು. ಹೇಳಿದ ಕಾರಣ ಸುಳ್ಳು ಅಂತ ಗೊತ್ತಾದರೆ ಅದರಿಂದಲೇ ಭೇದಭಾವವನ್ನು ಊಹಿಸಲು ಜ್ಯೂರಿಗೆ ಅವಕಾಶ ಇದೆ ಅಂತ 2000ದ ರೀವ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜೋರ್ಡನ್ ಕೇಸಿನಲ್ಲಿ ಸುತ್ತಲಿನ ಸಂಗತಿಗಳು ಏನು ಹೇಳುತ್ತಿದ್ದವು? 77ರಲ್ಲಿ 53 ಅನ್ನುವ ಅಂಕಿಯೇ ಜೋರಾಗಿ ಮಾತಾಡುತ್ತಿತ್ತು. ಅದರ ಜೊತೆಗೆ ಸಿಬ್ಬಂದಿಯ ಜನಾಂಗವಾರು ಲೆಕ್ಕ ಇದ್ದ ಒಂದು ವರದಿ ಜ್ಯೂರಿ ಮುಂದೆ ಬಂತು. ಕೆಲಸ ಹೇಗೆ ಮಾಡುತ್ತಾರೆ ಅಂತ ನೋಡಿ ಯಾರನ್ನು ಉಳಿಸಬೇಕು ಅಂತ ತೀರ್ಮಾನಿಸುವ ಕಚೇರಿಗೆ ಆ ಲೆಕ್ಕ ಯಾಕೆ ಬೇಕಿತ್ತು?

2005ರ ಮಾರ್ಚ್ ಕೊನೆಗೆ ತೀರ್ಪು ಬಂತು. ಜ್ಯೂರಿಯಲ್ಲಿ ಎಂಟು ಬಿಳಿಯರು, ಇಬ್ಬರು ಕಪ್ಪು ಜನ. ಎಲ್ಲರೂ ಒಂದೇ ಮಾತು ಹೇಳಿದರು: ಭೇದಭಾವ ನಡೆದಿದೆ. ಬಾಕಿ ಸಂಬಳ ಮತ್ತು ಪರಿಹಾರ ಸೇರಿ 18-19 ಲಕ್ಷ ಡಾಲರ್ ಕೊಡಬೇಕು ಅಂತಾಯಿತು. ಇದು ಜೋರ್ಡನ್ ಅವರ ಸ್ವಂತ ಜೇಬಿನಿಂದ ಅಲ್ಲ. ಅವರ ಮೇಲೆ ಹುದ್ದೆಯ ಲೆಕ್ಕದಲ್ಲಿ ದಾವೆ ಹೂಡಿದ್ದರಿಂದ ಕಚೇರಿಯೇ ಕೊಡಬೇಕು.

ಇಲ್ಲಿಂದ ಮುಂದಿನದು ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತೀರ್ಪು ಬಂದು ಐದು ತಿಂಗಳಿಗೆ, ಆಗಸ್ಟ್ 29ಕ್ಕೆ, ಕತ್ರಿನಾ ಚಂಡಮಾರುತ ಬಂತು. ಊರಿನ ಬಹುಭಾಗ ನೀರಿನಲ್ಲಿ ಮುಳುಗಿತು. ಡಿಎ ಕಚೇರಿಗೂ ನೀರು ನುಗ್ಗಿತು. ಸಿಬ್ಬಂದಿ ತಾತ್ಕಾಲಿಕ ಜಾಗಗಳಲ್ಲಿ ಕೂತು ಕೆಲಸ ಮಾಡಬೇಕಾಯಿತು. ಸಾಕ್ಷಿಗಳು ಊರು ಬಿಟ್ಟು ಚದುರಿಹೋದರು. ಕೊಲೆ ಕೇಸುಗಳೂ ಕುಸಿದುಬಿದ್ದವು. 2006ರ ಜೂನ್‌ನಲ್ಲಿ ಐದು ಹುಡುಗರು ಒಂದೇ ಕಡೆ ಗುಂಡಿಗೆ ಬಲಿಯಾದ ಕೇಸನ್ನು ಸಾಕ್ಷಿ ಇಲ್ಲ ಅಂತ ಕೈಬಿಟ್ಟಾಗ ಊರೇ ಸಿಟ್ಟಿಗೆದ್ದಿತು.

ಆ ಕಡೆ ಡಿಕ್ರಿ ಹಣ, ಅಂದರೆ ತೀರ್ಪಿನಂತೆ ಕೊಡಬೇಕಾದ ಹಣ, ಬೆಳೆಯುತ್ತಲೇ ಇತ್ತು. ವಕೀಲರ ಶುಲ್ಕ, ಬಡ್ಡಿ ಎಲ್ಲ ಸೇರಿ 37 ಲಕ್ಷ ಡಾಲರ್ ಆಯಿತು. 2007ರಲ್ಲಿ ಮೇಲ್ಮನವಿ ಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಹಣ ಎಲ್ಲಿಂದ ತರಬೇಕು? ಇದು ನಮ್ಮ ಹೊಣೆಯಲ್ಲ ಅಂತ ನಗರಾಡಳಿತ ಕೈ ಆಡಿಸಿತು. ಗೆದ್ದವರು ಅಮಲ್ಜಾರಿಗೆ, ಅಂದರೆ ಕೋರ್ಟಿನ ಮೂಲಕ ಹಣ ವಸೂಲಿಗೆ, ಹೊರಟರು. ಕಚೇರಿಯ ಆಸ್ತಿಯನ್ನೇ ಜಪ್ತಿ ಮಾಡಿಸಲು ಮುಂದಾದರು. ಯೋಚಿಸಿ, ಕೊಲೆ ಕೇಸು ನಡೆಸುವ ಕಚೇರಿ ಅದು, ಅದರ ಹಣವೇ ಜಪ್ತಿಯಾದರೆ ಕೇಸು ನಡೆಸುವವರು ಯಾರು? ಅದೇ ವರ್ಷ ಜಾನ್ ಥಾಂಪ್ಸನ್ ಹಾಕಿದ್ದ ದಾವೆಯಲ್ಲೂ ಇದೇ ಕಚೇರಿಯ ಮೇಲೆ 1.4 ಕೋಟಿ ಡಾಲರ್ ತೀರ್ಪು ಬಿತ್ತು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತಳ್ಳಿಹಾಕಿತು, ಅದು ನನ್ನ ಮಟ್ಟಿಗೆ ಇವತ್ತಿಗೂ ಜೀರ್ಣವಾಗದ ತೀರ್ಪು. ಆದರೆ 2007ರಲ್ಲಿ ಎರಡೂ ಹೊರೆ ಒಟ್ಟಿಗೇ ತಲೆಮೇಲಿದ್ದವು.

ಜೋರ್ಡನ್ 2007ರ ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಟ್ಟರು. ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು.

ನನಗೆ ಇಲ್ಲಿ ತುಂಬಾ ನೋವು ಕೊಡುವುದು ಒಂದು ವಿಷಯ. ಜೋರ್ಡನ್ ಮುಂದಿದ್ದ ಸಮಸ್ಯೆ ನಿಜವಾದದ್ದು. ಊರಿನ ಬಹುಪಾಲು ಆರೋಪಿಗಳೂ ಸಂತ್ರಸ್ತರೂ ಯಾವ ಸಮುದಾಯದವರೋ, ಆ ಸಮುದಾಯದ ಮುಖಗಳು ಕಚೇರಿಯಲ್ಲಿ ಕಾಣದಿದ್ದರೆ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಆ ಆಸೆ ಸರಿಯಾದದ್ದೇ. ಆದರೆ ಅದರ ಬೆಲೆಯನ್ನು ಕಟ್ಟಿಸಿಕೊಂಡಿದ್ದು ಯಾರಿಂದ? ಥಾಂಪ್ಸನ್ ಕೇಸಿನ ವರದಿ ಮುಚ್ಚಿಟ್ಟ ವಕೀಲರಿಂದ ಅಲ್ಲ. ಗುಮಾಸ್ತರಿಂದ, ತನಿಖಾ ಸಿಬ್ಬಂದಿಯಿಂದ. ಕೊನೆಗೆ ದಂಡದ ಬಿಸಿ ತಟ್ಟಿದ್ದು ನೀರಿನಲ್ಲಿ ಮನೆ ಕಳೆದುಕೊಂಡ ಅದೇ ಊರಿನ ಜನರಿಗೆ, ಅವರಲ್ಲಿ ಬಹುಪಾಲು ಕಪ್ಪು ಜನರಿಗೆ.

ಪ್ರಾಸಿಕ್ಯೂಟರ್ ಕಚೇರಿಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚಿನ ಹೊಣೆ ಇದೆ ಅಂತ ನಾನು ನಂಬುತ್ತೇನೆ. ಯಾಕೆ ಅಂದರೆ ಇದೇ ನೆಪದ ಪ್ರಶ್ನೆಯನ್ನು ಅವರು ದಿನಾ ಕೋರ್ಟಿನಲ್ಲಿ ಎದುರಿಸುತ್ತಾರೆ. ಜ್ಯೂರಿ ಆರಿಸುವಾಗ ಜನಾಂಗ ನೋಡಿ ಯಾರನ್ನೂ ಹೊರಗಿಡಬಾರದು ಅಂತ 1986ರ ಬ್ಯಾಟ್ಸನ್ ತೀರ್ಪು ಹೇಳುತ್ತದೆ. ಹೊರಗಿಟ್ಟರೆ ಬೇರೆ ಕಾರಣ ಕೊಡಬೇಕು, ಆ ಕಾರಣ ನಿಜವಾಗಿರಬೇಕು. ಜಾರ್ಜಿಯಾದಲ್ಲಿ ಫಾಸ್ಟರ್ ಎಂಬ ಕಪ್ಪು ಜನಾಂಗದ ಆರೋಪಿಗೆ 1987ರಲ್ಲಿ ಪೂರ್ತಿ ಬಿಳಿಯರ ಜ್ಯೂರಿ ಮರಣದಂಡನೆ ಕೊಟ್ಟಿತು. ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಪ್ರಾಸಿಕ್ಯೂಟರ್‌ಗಳು ಆಣೆ ಮಾಡಿದ ಹಾಗೆ ಹೇಳಿದ್ದರು. ಆಮೇಲೆ ನಮ್ಮ ಆರ್‌ಟಿಐ ತರಹದ ಕಾನೂನಿನಲ್ಲಿ ಅವರ ಫೈಲು ಹೊರಬಂತು. ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಹೈಲೈಟರ್ ಬಳಿದಿದ್ದರು. ಹಸಿರು ಅಂದರೆ ಕಪ್ಪು ಜನ ಅಂತ ಮೂಲೆಯಲ್ಲಿ ವಿವರವೂ ಇತ್ತು. ಪ್ರಶ್ನಾವಳಿಗಳಲ್ಲಿ ಜನಾಂಗದ ಉತ್ತರಕ್ಕೆ ಸುತ್ತು ಹಾಕಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಆ ಹಸಿರು ಪಟ್ಟಿ ಮತ್ತು ನ್ಯೂ ಆರ್ಲಿಯನ್ಸ್‌ನ ಆ ಜನಾಂಗವಾರು ವರದಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದ್ದೇಶ ಬೇರೆ ಬೇರೆ, ನನಗೆ ಗೊತ್ತು. ಆದರೆ ಎರಡರಲ್ಲೂ ಒಬ್ಬ ಮನುಷ್ಯನನ್ನು ನೋಡುವ ಮೊದಲೇ ಅವನ ಬಣ್ಣ ನೋಡಿ ಆಗಿತ್ತು.

ನಮ್ಮ ದೇಶದ ಒಂದು ಕೇಸು ಇದಕ್ಕೆ ಹತ್ತಿರ ಬರುತ್ತದೆ. 1990ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶ ಸರ್ಕಾರ ಒಂದೇ ಸುತ್ತೋಲೆಯಲ್ಲಿ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಟ್ಟಿಗೆ ಮನೆಗೆ ಕಳಿಸಿತು. ಶ್ರೀಲೇಖಾ ವಿದ್ಯಾರ್ಥಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಅಲ್ಲಿ ಜಾತಿ, ಜನಾಂಗದ ಮಾತಿಲ್ಲ. ಸಂವಿಧಾನದ 14ನೇ ವಿಧಿಯ, ಅಂದರೆ ಸಮಾನತೆಯ ಹಕ್ಕಿನ, ಮೇಲೆ ನಿಂತ ತೀರ್ಪು ಅದು. ಒಬ್ಬೊಬ್ಬರ ಕೆಲಸ ನೋಡದೆ ಸಾರಾಸಗಟಾಗಿ ತೆಗೆಯುವುದು ಮನಬಂದ ಹಾಗೆ ನಡೆದುಕೊಂಡಂತೆ, ಸರ್ಕಾರಕ್ಕೆ ಆ ಹಕ್ಕಿಲ್ಲ ಅಂತ ಕೋರ್ಟ್ ಹೇಳಿತು. ಸರ್ಕಾರ ಬದಲಾದಾಗ ಸರ್ಕಾರಿ ವಕೀಲರ ಪಟ್ಟಿಯೂ ಬದಲಾಗುವುದನ್ನು ಕಂಡಿರುವ ನೀವು ಆ ತೀರ್ಪನ್ನು ಒಮ್ಮೆ ಪೂರ್ತಿ ಓದಲೇಬೇಕು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: "ಸರ್, ಹಾಗಾದರೆ ನಮ್ಮ ಮೀಸಲಾತಿಯೂ ಇದೇ ತಪ್ಪು ಅಂತ ಆಗಲ್ವಾ?"

ಒಳ್ಳೆಯ ಪ್ರಶ್ನೆ. ಖಂಡಿತ ಆಗುವುದಿಲ್ಲ. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಭೇದಭಾವ ಬೇಡ ಅನ್ನುತ್ತದೆ, ಅದೇ ವಿಧಿಯ 4ನೇ ಖಂಡ ಹಿಂದುಳಿದವರಿಗೆ ಮೀಸಲಾತಿಗೆ ದಾರಿ ಕೊಡುತ್ತದೆ. ಮೀಸಲಾತಿ ಕದ್ದುಮುಚ್ಚಿ ನಡೆಯುವುದಿಲ್ಲ. ಎಷ್ಟು ಹುದ್ದೆ, ಯಾರಿಗೆ ಎಷ್ಟು ಪಾಲು, ಎಲ್ಲ ಅಧಿಸೂಚನೆಯಲ್ಲೇ ಬರುತ್ತದೆ. ರೋಸ್ಟರ್, ಅಂದರೆ ಯಾವ ಹುದ್ದೆ ಯಾರ ಪಾಲಿಗೆ ಅನ್ನುವ ಕ್ರಮಪಟ್ಟಿ, ಇರುತ್ತದೆ. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಹುದ್ದೆಗೆ ಹೊಸಬರನ್ನು ತರುವ ದಾರಿ ಅದು. ಕೆಲಸ ಮಾಡುತ್ತಿರುವವರನ್ನು ಎಬ್ಬಿಸಿ ಕಳಿಸುವುದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದದ್ದರ ಹಿಂದೆ ಇಂಥ ಯಾವ ಪ್ರಕಟಿತ ನಿಯಮವೂ ಇರಲಿಲ್ಲ.

ಇನ್ನೊಬ್ಬರು ಕೇಳಿದರು: "ಜೋರ್ಡನ್ ಬೇರೆ ಏನು ಮಾಡಬಹುದಿತ್ತು?"

ತುಂಬಾ ಮಾಡಬಹುದಿತ್ತು. ಕೈಯಲ್ಲಿ 6 ವರ್ಷ ಇತ್ತು. ಅಂಥ ದೊಡ್ಡ ಕಚೇರಿಯಲ್ಲಿ ಪ್ರತಿ ವರ್ಷ ಜನ ನಿವೃತ್ತರಾಗುತ್ತಾರೆ, ಬೇರೆ ಕೆಲಸ ಸಿಕ್ಕಿ ಬಿಟ್ಟುಹೋಗುತ್ತಾರೆ. ಆ ಜಾಗಗಳಿಗೆ ಬಹಿರಂಗವಾಗಿ ಅರ್ಜಿ ಕರೆಯಬಹುದಿತ್ತು. ಕಪ್ಪು ಜನರಿಗಾಗಿಯೇ ಹುಟ್ಟಿದ ಡಿಲ್ಲಾರ್ಡ್, ಝೇವಿಯರ್ ವಿಶ್ವವಿದ್ಯಾಲಯಗಳು ಅದೇ ಊರಿನಲ್ಲಿವೆ. ಅಲ್ಲಿಗೆ ಹೋಗಿ ಯುವಕರನ್ನು ಅರ್ಜಿ ಹಾಕಿ ಅಂತ ಕರೆಯಬಹುದಿತ್ತು. ಅರ್ಜಿದಾರರ ಬಳಗ ದೊಡ್ಡದು ಮಾಡುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಕೊಟ್ಟ ಅಂಕವನ್ನು ಅಂದೇ ಬರೆದಿಡಬಹುದಿತ್ತು. ಹಳಬರಲ್ಲಿ ಕೆಲಸ ಮಾಡದವರು ಇದ್ದರೆ ಅವರ ಕಡತ ತೆಗೆದು, ಕಾರಣ ಬರೆದು, ಒಬ್ಬೊಬ್ಬರನ್ನಾಗಿ ತೆಗೆಯಬಹುದಿತ್ತು. ಹಾಗೆ ಮಾಡಿದ್ದರೆ ಯಾರಾದರೂ ಕೋರ್ಟಿಗೆ ಹೋದರೂ ಜ್ಯೂರಿ ಮುಂದೆ ಇಡಲು ಆ ಕಾಗದಗಳು ಇರುತ್ತಿದ್ದವು.